ಮಳೆಗಾಲದ ಜಗಲಿಯಾಟಗಳು

ಮಕ್ಕಳು ಮನೆಯೊಳಗಿರುವಾಗ ಸುಮ್ಮನೆ ಕುಳಿತಿರಬೇಕು ಎಂಬುದು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ನಡೆದುಬಂದಿರುವ ಕಟ್ಟಳೆ. ಆಟಕ್ಕೆ ಬಯಲು, ಪಾಠಕ್ಕೂ ಊಟಕ್ಕೂ ನಿದ್ರೆಗೂ ಮನೆ. ಹೀಗೆ ಪಾಲು ಮಾಡಿ ಇಟ್ಟುಬಿಟ್ಟಿದ್ದೇವೆ. ಬಯಲುಸೀಮೆಯವರಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಒಂದು ಹದಮಳೆ ಬಂದು ನಿಂತರೆ ಅರ್ಧ ಗಂಟೆಯಲ್ಲಿ ಹುಡುಗರು ಬೀದಿಗೆ ಇಳಿದಿರುತ್ತಾರೆ. ಮಲೆನಾಡಿನ ಮಾತು ಬೇರೆ. ಆರಿದ್ರೆ ಹಿಡಿದರೆ ಆಶ್ಲೇಷದವರೆಗೆ ಬಿಡುವುದುಂಟೆ? ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲ್ಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಿಗೇ ಸೇರಿದ್ದು. ನಮ್ಮ ಊರು ಅಲ್ಲಿಂದ ದೂರವಲ್ಲ. ಜುಲೈ ತಿಂಗಳಲ್ಲಿ ಅಂಗಳವೆಂಬುದು ನಮಗೆ ಪಾಚಿಗಟ್ಟಿದ ಜಾರುಬಂಡೆ. ಅಡಿಕೆಯ ದಬ್ಬೆ ಹಾಸಿ ಅದರ ಮೇಲೆ ಹೆಜ್ಜೆಯಿಟ್ಟು ಕೊಟ್ಟಿಗೆಗೆ ಹೋಗಿಬರುವುದೇ ಒಂದು ವಿದ್ಯೆ.

ಅತಿಯಾಗಿ ಮಳೆ ಹೊಡೆದ ದಿನ ಶಾಲೆಗೆ ರಜೆ ಸಾರುತ್ತಾರೆ. ಬೆಳಗ್ಗೆ ಆ ಸುದ್ದಿ ಬಂದ ಕೂಡಲೆ ಮಕ್ಕಳ ಕೇಕೆಗೆ ಹೆಂಚು ಹಾರಬೇಕು. ಹತ್ತು ಗಂಟೆಯ ಹೊತ್ತಿಗೆ ಆ ಉತ್ಸಾಹವೆಲ್ಲ ಇಳಿದು, ಒಬ್ಬ ಬಚ್ಚಲ ಒಲೆಯ ಮುಂದೆ ಹಲಸಿನ ಬೀಜ ಸುಡುತ್ತ, ಮತ್ತೊಬ್ಬಳು ಕಂಬಳಿ ಹೊದ್ದು ಮೊಬೈಲು ಹಿಡಿದು, ಹೊತ್ತು ಕಳೆಯುತ್ತಾರೆ. ಮಧ್ಯಾಹ್ನದ ಮೇಲೆ ಜಗಳ ಆರಂಭ. ಅದನ್ನು ಹಿರಿಯರು ಹಟವೆನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದರಲ್ಲಿ ಅರ್ಧದಷ್ಟು ಹಟವಲ್ಲ, ಕಾಲಿಗೆ ಕೆಲಸವಿಲ್ಲದ ಕಷ್ಟ. ಈ ಕಷ್ಟಕ್ಕೆ ನಾಲ್ಕು ಗೋಡೆಯೊಳಗೆ ಏನು ಮಾಡಬಹುದೆಂಬುದನ್ನು ನಮ್ಮ ಮನೆಯ ಜಗಲಿಯಲ್ಲಿ ಕಂಡದ್ದರ ಆಧಾರದ ಮೇಲೆ, ಗ್ರಂಥಾಲಯದಲ್ಲಿ ಓದಿ ತಿಳಿದುದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆಯಲ್ಲಿರಬೇಕು. ವಾರದಲ್ಲಿ ಕನಿಷ್ಠ 3 ದಿನ ಸ್ನಾಯು, ಮೂಳೆಗಳನ್ನು ಗಟ್ಟಿಮಾಡುವಂಥ ಕೆಲಸವೂ ಇರಬೇಕು. ಮೂರು ನಾಲ್ಕು ವರ್ಷದ ಕೂಸುಗಳಿಗೆ 2019ರ ಸೂಚನೆ ಇನ್ನೂ ಧಾರಾಳ: ದಿನಕ್ಕೆ 180 ನಿಮಿಷ ಓಡಾಟ, ಅದರಲ್ಲಿ 60 ನಿಮಿಷ ಉಸಿರು ಹೆಚ್ಚುವಂಥದು. 'ಸರಾಸರಿ' ಎಂಬ ಮಾತನ್ನು ಓದುಗರು ಗಮನಿಸಬೇಕು. ಒಂದು ದಿನ ಕಡಿಮೆಯಾದರೆ ಇನ್ನೊಂದು ದಿನ ತುಂಬಿಕೊಳ್ಳಬಹುದು. ಆದರೆ ನಾಲ್ಕು ತಿಂಗಳ ಕೊರತೆಯನ್ನು ತುಂಬಿಕೊಳ್ಳುವುದು ಯಾವಾಗ? ಇನ್ನು ಮಧ್ಯಮ, ತೀವ್ರ ಎಂಬುದನ್ನು ತಿಳಿಯಲು ಯಂತ್ರ ಬೇಕಾಗಿಲ್ಲ. ಆಡುತ್ತಿರುವ ಮಗುವಿಗೆ ಮಾತನಾಡಲು ಬಂದು ಹಾಡಲು ಬಾರದಿದ್ದರೆ ಮಧ್ಯಮ; ನಾಲ್ಕು ಮಾತಿಗೇ ಉಸಿರು ತಡೆದರೆ ತೀವ್ರ.

ಮನೆಯೊಳಗೆ ಆಡಿಸಿ ಎಂದರೆ ಎಲ್ಲರೂ ಕೊಡುವ ಉತ್ತರ ಒಂದೇ: "ಜಾಗ ಎಲ್ಲಿದೆ?" ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಆ ನಂಬಿಕೆ ಸಡಿಲಿದ್ದು 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನವನ್ನು ಓದಿದ ಮೇಲೆ. ಆರರಿಂದ ಹತ್ತು ವರ್ಷದ 15 ಮಕ್ಕಳನ್ನು, ಅವರ ಪಾಡಿಗೆ ಅವರಿರುವಾಗ, ಮೂರು ಮೂರು ಸೆಕೆಂಡಿಗೊಮ್ಮೆ ಗುರುತು ಹಾಕಿಕೊಳ್ಳುತ್ತ ನೋಡಿದರು. ಮಕ್ಕಳ ಬಿರುಸಿನ ಚಲನೆ ಒಂದು ಸಲಕ್ಕೆ ಸಾಮಾನ್ಯವಾಗಿ 3 ಸೆಕೆಂಡು ಮಾತ್ರ ಇರುತ್ತಿತ್ತು! ಹದಿನೈದು ಸೆಕೆಂಡನ್ನು ದಾಟುತ್ತಿದ್ದುದು ಅಪರೂಪ. ಬೆಳೆದವರು ಮೈಲಿಗಟ್ಟಲೆ ಒಂದೇ ಹದದಲ್ಲಿ ನಡೆಯುತ್ತೇವೆ. ಮಗು ಹಾಗಲ್ಲ, ಚಿಮ್ಮುತ್ತದೆ, ನಿಲ್ಲುತ್ತದೆ, ಮತ್ತೆ ಚಿಮ್ಮುತ್ತದೆ. ಕರುವನ್ನು ಕಣ್ಣಿಯಿಂದ ಬಿಚ್ಚಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೂರು ಸೆಕೆಂಡಿನ ಓಟಕ್ಕೆ ಎಷ್ಟು ನೆಲ ಬೇಕು? ನಮ್ಮ ಜಗಲಿಯ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಇರುವಷ್ಟು ಸಾಕು. ಹಾಗಾದರೆ ಕೊರತೆಯಿರುವುದು ಜಾಗದಲ್ಲಲ್ಲ, ಬೇರೆಲ್ಲೋ ಇದೆ.

ಅದು ಎಲ್ಲಿದೆ ಎಂಬುದನ್ನು ನನಗೆ ಕಲಿಸಿದ್ದು 2020ರ ಮಳೆಗಾಲ. ಮಾರ್ಚ್ 25ರಂದು ದೇಶಕ್ಕೆಲ್ಲ ಬೀಗ ಬೀಳುವುದಕ್ಕೆ ಸ್ವಲ್ಪ ಮೊದಲು ಬೆಂಗಳೂರಿನಿಂದ ಅಕ್ಕ ತನ್ನಿಬ್ಬರು ಮಕ್ಕಳೊಂದಿಗೆ ಊರಿಗೆ ಬಂದಿದ್ದಳು. ಹಾಗೆ ಬಂದವಳು ಮಳೆಗಾಲ ಮುಗಿಯುವವರೆಗೂ ನಿಂತಳು. ಅವಳ ಮಗಳಿಗೆ ಒಂಬತ್ತು, ಮಗನಿಗೆ ಆರು. ನನ್ನ ಕಿರಿಯ ತಂಗಿಗೆ ಆಗ ಏಳು. ತೋಟದಾಚೆಯ ದೊಡ್ಡಪ್ಪನ ಮನೆಯಿಂದ ಇಬ್ಬರು ಹುಡುಗರು ಕಂಬಳಿಕೊಪ್ಪೆ ಹಾಕಿಕೊಂಡು ಬರುತ್ತಿದ್ದರು. ಒಟ್ಟು ಐದು ಮಕ್ಕಳು. ಹೈಸ್ಕೂಲು ಓದುತ್ತಿದ್ದ ನಾನು ಆರನೆಯವನು, ಅಥವಾ ಅವರ ಮೇಲಿನ ಅಧಿಕಾರಿ. ಶಾಲೆಯ ವಾರ್ಷಿಕೋತ್ಸವದಲ್ಲಿ ನೋಡಿದ್ದ ಕುರ್ಚಿಯಾಟವನ್ನೇ ಕುರ್ಚಿಯ ಬದಲು ಊಟದ ಮಣೆಗಳನ್ನಿಟ್ಟು ಆಡಿಸಿದೆ. ನಾನು ತಟ್ಟೆ ಬಡಿಯುವುದು, ಅವರು ಮಣೆಗಳ ಸುತ್ತ ಓಡುವುದು, ಸದ್ದು ನಿಂತಾಗ ಮಣೆ ಸಿಗದವನು ಹೊರಗೆ. ಮಕ್ಕಳಿಗೆ ಬಹಳ ಹಿಡಿಸಿತು. ಮೂರು ದಿನ ಅದೇ ನಡೆಯಿತು. ನಾಲ್ಕನೆಯ ದಿನ ಅಕ್ಕನ ಮಗ ಆಟಕ್ಕೆ ಬರಲಿಲ್ಲ. ಕಂಬಕ್ಕೆ ಒರಗಿ ಕೂತು ಉಗುರು ಕಚ್ಚುತ್ತಿದ್ದ. ಕರೆದರೆ, "ಮಾಮ, ನಾನು ಹೆಂಗೂ ಔಟೇ ಅಲ್ವಾ, ಇಲ್ಲೇ ಕೂತಿರ್ತೀನಿ" ಎಂದ.

ಆ ಮಾತು ನನ್ನನ್ನು ಚುಚ್ಚಿತು. ಹುಡುಗ ಸ್ವಲ್ಪ ಮೈತುಂಬಿದವನು, ನಿಧಾನಿ, ಎಲ್ಲರಿಗಿಂತ ಚಿಕ್ಕವನು. ಪ್ರತಿ ಆಟದಲ್ಲಿಯೂ ಮೊದಲು ಹೊರಬೀಳುತ್ತಿದ್ದವನು ಅವನೇ. ಐವರ ಆಟದಲ್ಲಿ ನಾಲ್ಕು ಸುತ್ತು. ಮೊದಲ ಸುತ್ತಿಗೇ ಹೊರಬಿದ್ದವನಿಗೆ ಸಿಗುವುದು ಒಂದು ಸುತ್ತಿನ ಓಟ, ಮೂರು ಸುತ್ತಿನ ಕೂರುವಿಕೆ. ಗೆದ್ದವಳಿಗೆ ನಾಲ್ಕು ಸುತ್ತಿನ ಓಟ. ಯಾರು ಓಡಬೇಕಾಗಿತ್ತೋ ಅವನನ್ನು ಕೂರಿಸಿ, ಓಡುವುದರಲ್ಲಿ ಆಗಲೇ ಗಟ್ಟಿಯಾದವಳನ್ನು ಮತ್ತಷ್ಟು ಓಡಿಸುವ ಏರ್ಪಾಡು ಅದು. ಹಸಿದವನಿಗೆ ಒಂದು ತುತ್ತು, ಉಂಡವನಿಗೆ ನಾಲ್ಕು. ಅದನ್ನು ನಾನು ಆಟವೆಂದು ಕರೆದಿದ್ದೆ. ಮರುದಿನ ನಿಯಮವನ್ನು ತಿರುಗಿಸಿದೆ: ಪ್ರತಿ ಸುತ್ತಿಗೂ ಒಂದು ಮಣೆ ಕಡಿಮೆಯಾಗುತ್ತದೆ, ಮಕ್ಕಳು ಮಾತ್ರ ಕಡಿಮೆಯಾಗುವುದಿಲ್ಲ. ಉಳಿದ ಮಣೆಗಳ ಮೇಲೆಯೇ ಐವರೂ ಹೇಗಾದರೂ ನಿಲ್ಲಬೇಕು. ಕೊನೆಗೆ ಒಂದೇ ಮಣೆಯ ಮೇಲೆ ಐದು ಮಕ್ಕಳು ಒಬ್ಬರನ್ನೊಬ್ಬರು ತಬ್ಬಿ ನಿಲ್ಲಲು ಪಾಡುಪಟ್ಟು ಒಟ್ಟಿಗೆ ಉರುಳಿದರು. ಅಕ್ಕನ ಮಗ ಎಲ್ಲರ ಕೆಳಗಿದ್ದ. ಅವನ ನಗು ಅಡಿಗೆಮನೆಗೆ ಕೇಳಿ ಅಕ್ಕ ಹೊರಗೆ ಬಂದು ನೋಡಿದಳು.

ಅಂದಿನಿಂದ ಯಾವ ಆಟವನ್ನು ನೋಡಿದರೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಲ್ಲಿ ಅತ್ಯಂತ ಸೋಲುವ ಮಗು ಎಷ್ಟು ಹೊತ್ತು ಕಾಲಮೇಲಿರುತ್ತದೆ? ಈ ಪ್ರಶ್ನೆಯನ್ನು ಹಾಕಿದರೆ ಕೆಲವು ಪ್ರಸಿದ್ಧ ಆಟಗಳೂ ತೇರ್ಗಡೆಯಾಗುವುದಿಲ್ಲ. ಕುಂಟೆಬಿಲ್ಲೆಯನ್ನೇ ತೆಗೆದುಕೊಳ್ಳಿ. ಹೆಂಚಿನ ಚೂರೊಂದನ್ನು ತೇದು ಬಿಲ್ಲೆ ಮಾಡಿ, ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು, ಒಂಟಿಕಾಲಿನಲ್ಲಿ ಕುಂಟುತ್ತ ಹೋಗಿ ಬರುವ ಈ ಆಟಕ್ಕೆ ವ್ಯಾಯಾಮದ ದೃಷ್ಟಿಯಿಂದ ಎಣೆಯಿಲ್ಲ. ಆದರೆ ಐವರು ಸೇರಿ ಒಂದೇ ಅಂಕಣದಲ್ಲಿ ಆಡಿದರೆ ಒಬ್ಬಳು ಕುಂಟುವಾಗ ನಾಲ್ವರು ನಿಂತು ನೋಡುತ್ತಾರೆ. ಒಂದು ಗಂಟೆಯ ಆಟದಲ್ಲಿ ಸರಾಸರಿ ಒಬ್ಬಳ ಪಾಲಿಗೆ ಬರುವುದು 12 ನಿಮಿಷ. ಗೆರೆ ತುಳಿದು ಬೇಗ ಸೋಲುವವಳಿಗೆ ಅದೂ ಇಲ್ಲ. ಇದಕ್ಕೆ ಉಪಾಯ ಬಹಳ ಸುಲಭ: ಮೂರು ಅಂಕಣ ಬರೆಯಿರಿ. ಸುಣ್ಣದ ಕಡ್ಡಿಗೇನು ಬರಗಾಲವೆ? ಒಂದೊಂದು ಅಂಕಣಕ್ಕೆ ಇಬ್ಬರಾದರೆ ಕುಂಟುವ ಹೊತ್ತೂ ನಿಲ್ಲುವ ಹೊತ್ತೂ ಸಮ. ಬಲಗಾಲಿನಲ್ಲಿ ಒಂದು ಸಲ ಹೋದವರು ಮುಂದಿನ ಸಲ ಎಡಗಾಲಿನಲ್ಲಿ ಹೋಗಬೇಕೆಂದು ಮಾಡಿದರೆ ಇನ್ನೂ ಒಳ್ಳೆಯದು.

ಜಗಲಿಯ ಆಟಗಳ ರಾಜನೆಂದರೆ ನಾಲ್ಕು ಕಂಬದ ಆಟ. ಮಲೆನಾಡಿನ ಹಳೆಯ ಮನೆ ಕಟ್ಟಿದವನು ಈ ಆಟಕ್ಕಾಗಿಯೇ ಕಂಬ ನೆಟ್ಟನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಾಲ್ಕು ಕಂಬಗಳಿಗೆ ನಾಲ್ವರು, ನಡುವೆ ಐದನೆಯವನು. ಕಂಬ ಹಿಡಿದವರು ಕಣ್ಣಸನ್ನೆ ಮಾಡಿಕೊಂಡು ಜಾಗ ಬದಲಾಯಿಸಬೇಕು. ಆ ಗಳಿಗೆಯಲ್ಲಿ ಬರಿದಾದ ಕಂಬವನ್ನು ನಡುವಿನವನು ಹಿಡಿಯಬೇಕು. ಕಂಬ ತಪ್ಪಿಸಿಕೊಂಡವನು ನಡುವಿಗೆ. ಇಲ್ಲಿ ಯಾರೂ ಹೊರಗೆ ಹೋಗುವುದಿಲ್ಲ. ಸೋತವನ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ಏಕೆಂದರೆ ನಡುವಿನವನು ನಾಲ್ಕು ದಿಕ್ಕಿಗೂ ತಿರುಗುತ್ತಿರಬೇಕು. ಒಂದು ಓಟ ಎರಡು ಮೂರು ಸೆಕೆಂಡು, ಆಮೇಲೆ ಉಸಿರೆಳೆದುಕೊಳ್ಳಲು ಅಷ್ಟೇ ಬಿಡುವು. ಮೇಲೆ ಹೇಳಿದ ಅಧ್ಯಯನಕಾರರು ಮಕ್ಕಳ ಚಲನೆಯಲ್ಲಿ ಕಂಡ ಲಯವನ್ನೇ ನಮ್ಮ ಹಿರಿಯರು ಯಾವ ಗಡಿಯಾರವೂ ಇಲ್ಲದೆ ಆಟಕ್ಕೆ ಹೊಂದಿಸಿಟ್ಟಿದ್ದಾರೆ.

ಆದರೂ ನಡುವಿನಲ್ಲಿಯೇ ಒಬ್ಬ ಬಹಳ ಹೊತ್ತು ಉಳಿದರೆ ಅವನಿಗೆ ಅಳು ಬರುತ್ತದೆ. ಇದಕ್ಕೆ ನಾವು ಮಾಡಿಕೊಂಡ ತಿದ್ದುಪಡಿ ಹೀಗೆ: ನಡುವಿನವನು "ಮಳೆ ಬಂತು" ಎಂದು ಕೂಗಿದರೆ ಎಲ್ಲರೂ ಒಟ್ಟಿಗೆ ಕಂಬ ಬಿಟ್ಟು ಬೇರೆ ಕಂಬಕ್ಕೆ ಓಡಲೇಬೇಕು. ಆಗ ನಿಧಾನಿಗೂ ಒಂದು ಕಂಬ ದಕ್ಕುತ್ತದೆ. ಕಂಬಗಳ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಅವುಗಳ ಬುಡದ ಕಲ್ಲಿನ ಅಂಚು ಹರಿತ. ಎರಡನೆಯ ವಾರದಲ್ಲಿ ದೊಡ್ಡಪ್ಪನ ಮನೆಯ ಹುಡುಗ ಮುಗ್ಗರಿಸಿ ತುಟಿ ಒಡೆದುಕೊಂಡ. ಅಂದು ಸಂಜೆ ನನಗೆ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಆಮೇಲೆ ಹಳೆಯ ಗೋಣಿಚೀಲಗಳನ್ನು ಮಡಿಸಿ ಕಂಬದ ಬುಡಕ್ಕೆ ಸುತ್ತಿ ಬಾಳೆಹಗ್ಗದಿಂದ ಬಿಗಿದೆವು. ಕೆಂಪು ಕಾವಿಯ ನೆಲ ಒಂದು ಹನಿ ನೀರು ಬಿದ್ದರೂ ಎಣ್ಣೆಯಂತೆ ಜಾರುವುದರಿಂದ ಆಟಕ್ಕೆ ಮೊದಲು ನೆಲ ಒರೆಸುವುದೂ, ಒದ್ದೆ ಕೊಡೆಗಳನ್ನು ಹೊರಗಿಡುವುದೂ, ಬರಿಗಾಲಿನಲ್ಲಿ ಆಡುವುದೂ ಅಗತ್ಯ. ಕಾಲುಚೀಲ ಹಾಕಿ ಆಡಿಸುವುದು ಹಲ್ಲು ಮುರಿಯುವ ದಾರಿ.

ಕಂಬವಿಲ್ಲದ ಮನೆಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಚಾಪೆ ಹಾಕಿದರೂ ಆಟಕ್ಕೆ ಕುಂದಿಲ್ಲ. ಸಣ್ಣ ಕೋಣೆಯಾದರೆ ಪ್ರಾಣಿಗಳ ನಡಿಗೆ ಇದೆ. ನಮ್ಮ ಕಡೆಯ ಮಕ್ಕಳಿಗೆ ಏಡಿಯನ್ನೂ ಕಪ್ಪೆಯನ್ನೂ ಯಾರೂ ವರ್ಣಿಸಬೇಕಾಗಿಲ್ಲ. ಮಳೆಗಾಲದಲ್ಲಿ ಅವು ಅಂಗಳಕ್ಕೇ ಬಂದು ಪಾಠ ಹೇಳುತ್ತವೆ. ಹಿಂದಕ್ಕೆ ಕೈಯೂರಿ ಹೊಟ್ಟೆ ಮೇಲೆ ಮಾಡಿ ಏಡಿಯಂತೆ ಅಡ್ಡಡ್ಡ ನಡೆದರೆ ತೋಳು, ಭುಜಗಳಿಗೆ ಆಗುವ ಶ್ರಮವನ್ನು ನಂಬದವರು ಒಮ್ಮೆ ತಾವೇ ನಡೆದು ನೋಡಬೇಕು. ಹಗ್ಗವನ್ನು ಎತ್ತಿ ಬೀಸಲು ನಮ್ಮ ಮನೆಯ ತೊಲೆ ಅಡ್ಡಿ. ಅದಕ್ಕೆ ನೆಲದ ಮೇಲೆಯೇ ಹಾವಿನಂತೆ ಕೊಂಕಿಸುತ್ತ ಎಳೆದಾಡಿ, ತುಳಿಯದೆ ಹಾರಿಸಿದೆವು. ಲಗೋರಿಯ ಕಲ್ಲುಗಳ ಬದಲು ತೆಂಗಿನ ಕರಟ, ರಬ್ಬರು ಚೆಂಡಿನ ಬದಲು ಚಿಂದಿ ಸುತ್ತಿದ ಚೆಂಡು ಆದರೆ ದೇವರ ಪಟದ ಗಾಜು ಉಳಿಯುತ್ತದೆ.

ಈ ಹಂತದಲ್ಲಿ ಅಧ್ಯಾಪಕರು ಯಾರಾದರೂ ಕೇಳಬಹುದು: ಮಳೆಗಾಲಕ್ಕೆಂದೇ ನಮ್ಮಲ್ಲಿ ಚೆನ್ನೆಮಣೆಯಿದೆ, ಚೌಕಾಬಾರವಿದೆ, ಐದು ಕಲ್ಲಿನ ಆಟವಿದೆ, ಅವನ್ನು ಬಿಟ್ಟು ಇದೇನು ಹೊಸ ಸಾಹಸ? ಅವುಗಳ ಮೇಲೆ ನನಗೂ ಪ್ರೀತಿಯಿದೆ. ತುಳುನಾಡಿನಲ್ಲಿ ಆಟಿ ತಿಂಗಳೆಂದರೆ ಚೆನ್ನೆಮಣೆಯೇ ನೆನಪಿಗೆ ಬರುವಂತೆ ಆ ಆಟಕ್ಕೂ ಮಳೆಗೂ ನಂಟು ಬೆಳೆದಿದೆ. ಎಣಿಕೆ, ಮುಂದಾಲೋಚನೆ, ಬೆರಳಿನ ಚುರುಕು ಇವುಗಳಿಗೆ ಅವು ಒಳ್ಳೆಯ ಗುರುಗಳು. ಆದರೆ ಅವೆಲ್ಲ ಕೂತು ಆಡುವ ಆಟಗಳು. ಆ ಆಟಗಳು ಹುಟ್ಟಿದ ಕಾಲದಲ್ಲಿ ಮಗು ಕೂತದ್ದು ದಣಿದ ಮೇಲೆ: ನೀರು ಹೊತ್ತು, ಸೊಪ್ಪು ತಂದು, ಗದ್ದೆಗೆ ಬುತ್ತಿ ಕೊಟ್ಟು ಬಂದು ಕೂತದ್ದು. ಇಂದಿನ ಮಗು ಕೂತು ಎದ್ದು ಬಂದು ಮತ್ತೆ ಕೂರುತ್ತದೆ.

ಇವೆರಡನ್ನೂ ಕೂಡಿಸಬಹುದೇ ಎಂದು ನಾನು ಪ್ರಯತ್ನಿಸಿದ್ದುಂಟು. ಚೆನ್ನೆಮಣೆಯ 14 ಗುಳಿಗಳ ಬದಲು 14 ಕರಟಗಳನ್ನು ಜಗಲಿಯ ಉದ್ದಕ್ಕೂ ಎರಡು ಸಾಲಾಗಿ, ಒಂದೊಂದು ಹೆಜ್ಜೆಯ ಅಂತರದಲ್ಲಿ ಇಟ್ಟೆ. ಬೀಜ ಹಾಕುತ್ತ ಹೋಗುವವರು ಪ್ರತಿ ಕರಟಕ್ಕೂ ಬಗ್ಗಿ ಏಳಬೇಕು. ಒಬ್ಬರು ಹಾಕುವಾಗ ಎದುರಾಳಿ ಎಣಿಸುತ್ತ ಪಕ್ಕದಲ್ಲೇ ಓಡಬೇಕು. ಇದು ಗೆದ್ದಿತು. ಹತ್ತು ನಿಮಿಷದಲ್ಲಿ ಇಬ್ಬರಿಗೂ ಬೆವರು. ಆ ಹುರುಪಿನಲ್ಲಿ ಚೌಕಾಬಾರಕ್ಕೂ ಕೈಹಾಕಿದೆ. 25 ಮನೆಗಳನ್ನು ನೆಲದ ಮೇಲೆ ದೊಡ್ಡದಾಗಿ ಬರೆದು, ಮಕ್ಕಳೇ ಕಾಯಿಗಳಾಗಿ, ಕವಡೆ ಬಿದ್ದಷ್ಟು ಮನೆ ಕುಪ್ಪಳಿಸಬೇಕೆಂದು ಏರ್ಪಡಿಸಿದೆ. ಇದು ಸಂಪೂರ್ಣವಾಗಿ ಸೋತಿತು. ಕವಡೆ ಒಂದು ಬಿದ್ದರೆ ಒಂದು ಹೆಜ್ಜೆ. ಆಮೇಲೆ ತನ್ನ ಸರದಿ ಬರುವವರೆಗೆ ಕಾಯಿಯಾದ ಮಗು ಕಂಬದಂತೆ ನಿಂತಿರಬೇಕು. ನೋಡಲು ಬಲು ಚೆಂದ, ವ್ಯಾಯಾಮ ಸೊನ್ನೆ. ಶಾಲೆಗಳಲ್ಲಿ ಅತಿಥಿಗಳ ಮುಂದೆ ಪ್ರದರ್ಶಿಸುವ ಎಷ್ಟೋ ಆಟಗಳು ಈ ಜಾತಿಗೆ ಸೇರಿದವು ಎಂದರೆ ತಪ್ಪಾಗಲಾರದು.

ಅಕ್ಕ ಬೆಂಗಳೂರಿಗೆ ಮರಳಿದ ಮೇಲೆ ಬೇರೆಯ ತೊಡಕು ಎದುರಾಯಿತು. ಅವಳದು ಎರಡನೆಯ ಮಹಡಿಯ ಮನೆ. ಮಕ್ಕಳು ಕುಣಿದರೆ ಕೆಳಗಿನವರು ಮೇಲೆ ಬಂದು ಬಾಗಿಲು ಬಡಿಯುತ್ತಾರೆ. ಫೋನಿನಲ್ಲಿಯೇ ಅವರಿಗೆ 'ಬೆಕ್ಕಿನಾಟ' ಹೇಳಿಕೊಟ್ಟೆ: ಎಷ್ಟು ಎತ್ತರ ಬೇಕಾದರೂ ಹಾರಿ, ಇಳಿಯುವಾಗ ಸದ್ದಾಗಬಾರದು, ಸದ್ದು ಮಾಡಿದವನು ಮೂರು ಸಲ ಏಡಿನಡಿಗೆ ನಡೆಯಬೇಕು. ಸದ್ದಿಲ್ಲದೆ ಇಳಿಯಬೇಕಾದರೆ ಮಂಡಿ, ಹಿಮ್ಮಡಿಗಳನ್ನು ಬಾಗಿಸಿ ತೊಡೆಯ ಬಲದಿಂದ ಮೈಯನ್ನು ತಡೆದು ನಿಲ್ಲಿಸಬೇಕಾಗುತ್ತದೆ. ನೆಗೆತದ ಪೆಟ್ಟು ಕೀಲಿಗೆ ಒಮ್ಮೆಲೆ ತಾಗದಿರಲು ವ್ಯಾಯಾಮ ಶಿಕ್ಷಕರು ಕಲಿಸುವ ಕ್ರಮವೂ ಇದೇ. ಕೆಳಗಿನ ಮನೆಯವರ ಸಿಟ್ಟಿನಿಂದ ಒಂದು ಒಳ್ಳೆಯ ಅಭ್ಯಾಸ ಹುಟ್ಟಿದಂತಾಯಿತು.

ನೆಗೆತದ ವಿಷಯ ಬಂದುದರಿಂದ ಮೂಳೆಯ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೂಳೆ ಜಡವಸ್ತುವಲ್ಲ, ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. 2001ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಇನ್ನೂ ಪ್ರಾಯಕ್ಕೆ ಬಾರದ ಮಕ್ಕಳನ್ನು 61 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಗಳ ಮೇಲಿನಿಂದ ಒಂದು ಸಲಕ್ಕೆ 100ರಂತೆ ವಾರಕ್ಕೆ 3 ದಿನ ನೆಗೆಸಿದರು. ಏಳು ತಿಂಗಳ ಕೊನೆಗೆ ಅವರ ಸೊಂಟದ ಮೂಳೆ ಬರಿಯ ಮೈಚಾಚುವ ವ್ಯಾಯಾಮ ಮಾಡಿದವರದಕ್ಕಿಂತ ಹೆಚ್ಚು ಬೆಳೆದಿತ್ತು. ಅಷ್ಟು ಎತ್ತರದಿಂದ ನೆಗೆಸಿ ಎಂದು ನಾನು ಹೇಳುತ್ತಿಲ್ಲ. ಕುಂಟೆಬಿಲ್ಲೆಯೂ ಕಪ್ಪೆನೆಗೆತವೂ ಅದೇ ಬಗೆಯ ಕೆಲಸವನ್ನು ಮೆತ್ತಗೆ ಮಾಡುತ್ತವೆ. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದವರು ಅವೇ ಮಕ್ಕಳನ್ನು ವರ್ಷ ವರ್ಷವೂ ಅಳೆಯುತ್ತ ಬಂದು 1999ರಲ್ಲಿ ತಿಳಿಸಿದ ಸಂಗತಿ ಇದಕ್ಕಿಂತ ಮುಖ್ಯವಾದುದು: ಬೆಳೆದ ಮೇಲೆ ಮೈಯಲ್ಲಿರುವ ಮೂಳೆಯ ಖನಿಜದಲ್ಲಿ ಸುಮಾರು ಕಾಲು ಭಾಗ, ಬೆಳವಣಿಗೆಯ ಭರದ ಎರಡೇ ವರ್ಷಗಳಲ್ಲಿ ಶೇಖರವಾಗುತ್ತದೆ. ಈ ಶೇಖರಣೆಯ ವೇಗ ತುತ್ತತುದಿ ಮುಟ್ಟುವುದು ಹುಡುಗರಲ್ಲಿ 14 ವರ್ಷದ ಸುಮಾರಿಗೆ, ಹುಡುಗಿಯರಲ್ಲಿ ಹನ್ನೆರಡೂವರೆಯ ಸುಮಾರಿಗೆ.

ಹನ್ನೆರಡೂವರೆ! ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. 2020ರಲ್ಲಿ ಏಳು ವರ್ಷದವಳಾಗಿದ್ದ ನನ್ನ ತಂಗಿಗೆ ಈಗ ಹನ್ನೆರಡು ತುಂಬಿದೆ. ನಮ್ಮ ಜಗಲಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಂಟುತ್ತಿದ್ದವಳು ಅವಳು. ಕಳೆದ ಮಳೆಗಾಲದಲ್ಲಿ ಅವಳು ಕುಂಟುವುದನ್ನು ನಾನು ನೋಡಲೇ ಇಲ್ಲ ಎಂಬುದು ಆಗ ನೆನಪಿಗೆ ಬಂತು. "ಇಷ್ಟು ದೊಡ್ಡವಳಾಗಿ ಕುಣೀತೀಯಲ್ಲೇ, ನೋಡಿದವರು ಏನಂದಾರು?" ಎಂದು ಅಜ್ಜಿ ಒಂದೆರಡು ಸಲ ಹೇಳಿದ್ದರು. ಹುಡುಗರಾದರೆ ಮಳೆಯಲ್ಲಿಯೂ ನೆನೆಯುತ್ತ ಹೊಳೆಬದಿಗೆ, ಗದ್ದೆಬದುವಿಗೆ ಹೋಗುತ್ತಾರೆ. ಹುಡುಗಿಗೆ ಜಗಲಿಯೇ ಬಯಲು. ಅಲ್ಲಿಯೂ ಆಟ ನಿಂತರೆ ಆಕೆಯ ಪಾಲಿಗೆ ನಿಂತೇಹೋಯಿತು. ಮೂಳೆಗೆ ನೆಗೆತ ಎಂದೆಂದಿಗಿಂತಲೂ ಹೆಚ್ಚು ಬೇಕಾದ ವರ್ಷವೂ ನೆಗೆಯಬಾರದೆಂದು ಹೇಳುವ ವರ್ಷವೂ ಒಂದೇ ಆಗಿರುವುದು ಎಂಥ ವಿಪರ್ಯಾಸ!

ಅಜ್ಜಿಯ ಮೇಲೆ ತಪ್ಪು ಹೊರಿಸಿ ನಾನು ಪಾರಾಗುವಂತಿಲ್ಲ. ತಂಗಿಯನ್ನೇ ಕೇಳಿದೆ, "ಯಾಕೆ ಆಡುವುದು ಬಿಟ್ಟೆ?" ಅವಳು ಅಜ್ಜಿಯ ಹೆಸರನ್ನೇ ಎತ್ತಲಿಲ್ಲ. "ಆಡ್ತಾ ಇದ್ರೆ ನೀನು ಕಾಫಿ ತಾ ಅಂತೀಯ. ಕಾಫಿ ತಂದು ಬರೋ ಹೊತ್ತಿಗೆ ಅವರೆಲ್ಲ ನನ್ನ ಬಿಟ್ಟು ಬೇರೆ ಆಟ ಶುರುಮಾಡಿರ್ತಾರೆ. ಆಮೇಲೆ ಆಡೋ ಮನಸ್ಸಾಗಲ್ಲ" ಎಂದಳು. ಬಿಲ್ಲೆ ಐದನೆಯ ಮನೆಯಲ್ಲಿ ಇರುವಾಗ ಕರೆದವನು ನಾನೇ. ಒಂದು ದಿನವಲ್ಲ, ದಿನದಿನವೂ. ಐದು ವರ್ಷದ ಹಿಂದೆ ಅಕ್ಕನ ಮಗನನ್ನು ಆಟದ ನಿಯಮದಿಂದ ಹೊರಗೆ ಕೂರಿಸಿದ್ದೆ. ತಂಗಿಯನ್ನು ಲೋಟದ ನೆಪದಿಂದ ಹೊರಗೆ ಕಳಿಸಿದ್ದೆ. ಎರಡೂ ಒಂದೇ ತಪ್ಪು ಎಂಬುದು ಹೊಳೆಯಲು ಇಷ್ಟು ಕಾಲ ಬೇಕಾಯಿತು.

ಇದು ನಮ್ಮ ಒಂದು ಮನೆಯ ಕತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 146 ದೇಶಗಳ 11ರಿಂದ 17 ವರ್ಷದ ವಿದ್ಯಾರ್ಥಿಗಳ ವಿಷಯವನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದರು. 2016ರ ಲೆಕ್ಕದಂತೆ ನೂರಕ್ಕೆ 81 ಮಂದಿಗೆ ದಿನದ ಆ ಒಂದು ಗಂಟೆ ದಕ್ಕುತ್ತಿರಲಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ಭಾರತದ ಹುಡುಗಿಯರ ಸ್ಥಿತಿ ಇತರ ಅನೇಕ ದೇಶಗಳವರಿಗಿಂತ ವಾಸಿಯೆಂದು ಕಂಡುಬಂತು. ಓದುವಾಗ ನನಗೆ ಸಂತೋಷವಾಯಿತು. ಮುಂದಿನ ಸಾಲಿನಲ್ಲಿ ಅವರು ಊಹಿಸಿದ ಕಾರಣವಿತ್ತು: ಮನೆಗೆಲಸ. ಹುಡುಗರ ಬಗ್ಗೆ ಹೇಳುವಾಗ ಕ್ರಿಕೆಟ್ಟು, ಹುಡುಗಿಯರ ಬಗ್ಗೆ ಹೇಳುವಾಗ ಕಸ ಮುಸುರೆ. ಗುಡಿಸುವುದೂ ನೀರು ಹೊರುವುದೂ ಮೈಗೆ ಶ್ರಮವೆಂಬುದು ನಿಜ. ಆದರೆ ಅದರಲ್ಲಿ ಗೆಲ್ಲುವುದೆಂಬುದೂ ಇಲ್ಲ, ನಗುವುದೆಂಬುದೂ ಇಲ್ಲ. ಒಂಟಿಕಾಲಿನ ನೆಗೆತವಂತೂ ಇಲ್ಲವೇ ಇಲ್ಲ. ಅದನ್ನು ಆಟದ ಖಾತೆಗೆ ಬರೆದುಕೊಂಡು ಸಮಾಧಾನಪಡುವುದನ್ನು ನಾನು ಒಪ್ಪಲಾರೆ.

ಅಜ್ಜಿಯೊಡನೆ ಮಾತನಾಡುವುದು ಸುಲಭವಾಗಿರಲಿಲ್ಲ. ಕೆನಡಾದ ಲೆಕ್ಕವನ್ನು ಅವರಿಗೆ ಹೇಳಿ ಪ್ರಯೋಜನವಿಲ್ಲವೆಂದು ತಿಳಿದು, "ಅಜ್ಜಿ, ನಿಮಗೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದಾಗ ಎಷ್ಟು ತಿಂಗಳು ಮಲಗಿದ್ದಿರಿ?" ಎಂದು ಕೇಳಿದೆ. "ಆರು ತಿಂಗಳು ಮಾರಾಯ, ಯಾಕೆ ಅದರ ಸುದ್ದಿ?" ಎಂದರು. ಮುದಿತನದಲ್ಲಿ ಮೂಳೆ ಮುರಿಯದಿರಬೇಕಾದರೆ ಹನ್ನೆರಡರಲ್ಲಿ ಅದನ್ನು ಗಟ್ಟಿಮಾಡಿಕೊಂಡಿರಬೇಕಂತೆ ಎಂದೆ. ಅವರು ಉತ್ತರ ಕೊಡದೆ ಹೂಬತ್ತಿ ಹೊಸೆಯುವುದನ್ನು ಮುಂದುವರಿಸಿದರು. ಮರುದಿನ, "ಕುಂಟುವುದಾದರೆ ಒಳಜಗಲಿಯಲ್ಲಿ ಕುಂಟಲಿ, ಹೊರಗಿನವರ ಕಣ್ಣಿಗೆ ಬೀಳುವುದು ಬೇಡ" ಎಂದರು. ನಾನು ಪೂರ್ತಿಯಾಗಿ ಗೆದ್ದೆನೆಂದು ಹೇಳಲಾರೆ. ಒಳಜಗಲಿಯಲ್ಲಿ ಎರಡೇ ಅಂಕಣ ಹಿಡಿಸುತ್ತವೆ.

ಮನೆಯಾಟದಿಂದ ಆಗದ ಕೆಲಸವೊಂದಿದೆ, ಅದನ್ನು ಮುಚ್ಚಿಡಬಾರದು. ಚೀನಾದ ಗುವಾಂಗ್ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. 2015ರಲ್ಲಿ ಪ್ರಕಟವಾದಂತೆ, ಹೊರಗೆ ಬಿಟ್ಟವರಲ್ಲಿ ನೂರಕ್ಕೆ 30 ಮಂದಿಗೂ ಬಿಡದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೂ ಸಮೀಪದೃಷ್ಟಿ ಹೊಸದಾಗಿ ತಲೆದೋರಿತ್ತು. ಕಣ್ಣಿಗೆ ಬೇಕಾದ ಆ ಬೆಳಕು ಮಲೆನಾಡಿನ ಕತ್ತಲೆ ಜಗಲಿಯಲ್ಲಿ ಸಿಗುವಂಥದಲ್ಲ. ಆದುದರಿಂದ ಮಳೆ ಹೊಳವಾದ ಗಳಿಗೆಯಲ್ಲಿ ಆಟ ಅರ್ಧಕ್ಕಿದ್ದರೂ ಸರಿಯೆ, ಮಕ್ಕಳನ್ನು ಅಂಗಳಕ್ಕೆ ಅಟ್ಟಬೇಕು. ಒದ್ದೆಯಾದರೆ ಬಚ್ಚಲಲ್ಲಿ ಬಿಸಿನೀರಿದೆ.

ಈಗ ನಮ್ಮ ಮನೆಯಲ್ಲಿ ಒಂದು ನಿಯಮ ಜಾರಿಯಲ್ಲಿದೆ. ಸಂಜೆ ನಾಲ್ಕೂವರೆಯಿಂದ ಐದೂವರೆಯವರೆಗೆ ಯಾವ ಮಗುವನ್ನೂ ಯಾರೂ ಯಾವ ಕೆಲಸಕ್ಕೂ ಕರೆಯಕೂಡದು. ಆ ಹೊತ್ತಿನ ಕಾಫಿಯನ್ನು, ನಾನು ಊರಲ್ಲಿ ಇದ್ದ ದಿನ, ನಾನೇ ಮಾಡುತ್ತೇನೆ. ಅದಕ್ಕೆ ಬೆಲ್ಲ ಹೆಚ್ಚಾಯಿತೆಂದು ಅಜ್ಜಿಯ ದೂರು ಇದ್ದೇ ಇದೆ. ನಾನಿಲ್ಲದ ದಿನ ನಿಯಮ ನಡೆಯುತ್ತದೆಯೇ ಎಂದು ತಂಗಿಗೆ ಫೋನು ಮಾಡಿ ವಿಚಾರಿಸಿದರೆ, "ಒಂದೊಂದು ದಿನ" ಎನ್ನುತ್ತಾಳೆ.